ಒಂದೇ ಹಿಟ್ಟು, ಎರಡು ರುಚಿ

ಸಂಜೆ ಐದರ ಹೊತ್ತು. ಚಿಕ್ಕಬಳ್ಳಾಪುರದ ಯಾವ ಬೇಕರಿಯ ಮುಂದೆ ನಿಂತರೂ ಹೆಚ್ಚುಕಮ್ಮಿ ಇದೇ ನೋಟ. ಹೂವು ಮಾರಿ ಊರಿಗೆ ಹೊರಟ ರೈತ, ಮುದ್ದೇನಹಳ್ಳಿ ಕಡೆಯ ಬಸ್ಸಿಗೆ ಕಾದಿರುವ ಕಾಲೇಜು ಹುಡುಗರು, ಮನೆಗೆ ನೆಂಟರು ಬಂದರೆಂದು ಅವಸರವಾಗಿ ಬಂದ ಗೃಹಿಣಿ. ಗಾಜಿನ ಭರಣಿಯ ಮುಚ್ಚಳ ತೆರೆದ ಕೂಡಲೇ ಕರಿಬೇವು, ಹಸಿಮೆಣಸಿನಕಾಯಿ, ಬೆಣ್ಣೆ ಕಲೆತ ಘಮ ರಸ್ತೆಯವರೆಗೂ ಹಬ್ಬುತ್ತದೆ. ‘ಕಾಲು ಕೆಜಿ ಖಾರ, ಕಾಲು ಕೆಜಿ ಬೆಣ್ಣೆ ಬಿಸ್ಕತ್ತು ಕೊಡಣ್ಣ’ ಎಂಬ ಮಾತು ಗಂಟೆಗೆ ಹತ್ತು ಸಲವಾದರೂ ಕೇಳುತ್ತದೆ. ಖಾರ ಮತ್ತು ಸಿಹಿ ಒಂದೇ ಚೀಲದಲ್ಲಿ ಮನೆಗೆ ಹೋಗುತ್ತವೆ.

ಇವೆರಡನ್ನೂ ಮನೆಯಲ್ಲೇ ಮಾಡಬೇಕೆಂಬ ಆಸೆ ಈಗ ಹಳ್ಳಿಮನೆಗಳಲ್ಲೂ ಇದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಕೊಂಡ ಪುಟ್ಟ ಓವನ್‌ಗಳು ಎಷ್ಟೋ ಅಡುಗೆಮನೆಗಳಲ್ಲಿ ಉಳಿದುಕೊಂಡಿವೆ. ಆದರೆ ಮೊದಲ ಪ್ರಯತ್ನದಲ್ಲಿ ಬಿಸ್ಕತ್ತು ಕಲ್ಲಿನಂತಾಗುತ್ತದೆ, ಇಲ್ಲವೇ ತಟ್ಟೆಯ ತುಂಬ ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅಳತೆ ಸರಿಯಾಗಿಯೇ ಇತ್ತಲ್ಲ ಎಂದು ಮಾಡಿದವರಿಗೆ ಬೇಸರವಾಗುತ್ತದೆ.

ಸಿಹಿ ಬಿಸ್ಕತ್ತಿಗೂ ಖಾರದ ಬಿಸ್ಕತ್ತಿಗೂ ಬುನಾದಿ ಒಂದೇ: ಹಿಟ್ಟು, ಜಿಡ್ಡು, ಕಾವು. ಸಕ್ಕರೆ ಮತ್ತು ನೀರಿನ ಪಾಲು ಬದಲಾದಂತೆ ಅವು ಬೇರೆಯಾಗುತ್ತವೆ. ಯಾವ ಪದಾರ್ಥ ಏನು ಕೆಲಸ ಮಾಡುತ್ತದೆ ಎಂಬುದು ತಿಳಿದರೆ, ಯಾರೋ ಬರೆದ ಅಳತೆಯನ್ನು ನಮ್ಮ ಮನೆಯ ರುಚಿಗೆ ಹೊಂದಿಸಿಕೊಳ್ಳುವುದು ಕಷ್ಟವಲ್ಲ.

ಚಿಕ್ಕಪೇಟೆಯಲ್ಲಿ ಹೊತ್ತಿದ ಒಲೆ

ನಮ್ಮ ಕಡೆಯ ಬಿಸ್ಕತ್ತಿನ ರುಚಿಯನ್ನು ರೂಪಿಸಿದ್ದು ಅಯ್ಯಂಗಾರ್ ಬೇಕರಿಗಳು. ಹಾಸನದ ಕಡೆಯಿಂದ ಬೆಂಗಳೂರಿಗೆ ಬಂದ ತಿರುಮಲಾಚಾರ್ಯರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿಯನ್ನು ತೆರೆದರು. ಜನ ಅದನ್ನು ಬಿ.ಬಿ. ಬೇಕರಿ ಎಂದೇ ಕರೆದರು. 1953ರಲ್ಲಿ ವಿಶ್ವೇಶ್ವರಪುರದಲ್ಲಿ ವಿ.ಬಿ. ಬೇಕರಿ ಶುರುವಾಯಿತು. ಆಮೇಲೆ ಹಾಸನ ಸೀಮೆಯ ಕುಟುಂಬಗಳು ಒಂದರ ಹಿಂದೊಂದು ಬಂದು ಊರೂರಲ್ಲಿ ಬೇಕರಿ ಇಟ್ಟವು. ಇಂದು ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಬಳಿ ಆ ಹೆಸರಿನ ಫಲಕ ಇಲ್ಲದ ಊರು ಹುಡುಕುವುದೇ ಕಷ್ಟ.

ಬ್ರೆಡ್ಡು, ಬಿಸ್ಕತ್ತು ಬ್ರಿಟಿಷರ ದಂಡಿನೊಂದಿಗೆ ಬಂದ ತಿನಿಸುಗಳು. ಅವು ಸಂಪ್ರದಾಯಸ್ಥರ ಮನೆಯೊಳಗೆ ಕಾಲಿಡಬೇಕಾದರೆ ಮೊಟ್ಟೆ ಇರಬಾರದಿತ್ತು. ಮೊಟ್ಟೆಯ ಜಾಗಕ್ಕೆ ಹಾಲು, ಮೊಸರು ಬಂದವು. ಒಗ್ಗರಣೆಯ ಸಾಮಾನುಗಳಾದ ಕರಿಬೇವು, ಹಸಿಮೆಣಸಿನಕಾಯಿ, ಶುಂಠಿ, ಜೀರಿಗೆ, ಕೊತ್ತಂಬರಿ ಹಿಟ್ಟಿಗೆ ಸೇರಿದವು. ಖಾರಾ ಬನ್ನು, ಖಾರಾ ಬಿಸ್ಕತ್ತು ಹೀಗೆ ನಮ್ಮವಾದವು.

ಆಗಿನ ಮನೆಗಳಲ್ಲಿ ಒಲೆ ಇತ್ತು, ಓವನ್ ಇರಲಿಲ್ಲ. ಹಾಗಾಗಿ ಮೈದಾ, ಸಕ್ಕರೆ, ಡಾಲ್ಡಾ ಹೊತ್ತು ಬೇಕರಿಗೆ ಹೋಗಿ, ಕೂಲಿ ಕೊಟ್ಟು ಬಿಸ್ಕತ್ತು ಮಾಡಿಸಿ, ಡಬ್ಬಿ ತುಂಬಿಸಿಕೊಂಡು ಬರುವ ರೂಢಿ ಹಲವು ಊರುಗಳಲ್ಲಿತ್ತು. ಸೌದೆ ಭಟ್ಟಿಯಲ್ಲಿ ಜೋರು ಕಾವಿರುವಾಗ ಬ್ರೆಡ್ಡು, ಬನ್ನು ಬೇಯುತ್ತಿದ್ದವು. ಕಾವು ಇಳಿದ ಮೇಲೆ ಬಿಸ್ಕತ್ತಿನ ಸರದಿ. ಬಿಸ್ಕತ್ತಿಗೆ ಬೇಕಾದದ್ದು ಹದವಾದ, ತಾಳ್ಮೆಯ ಕಾವು ಎಂಬುದನ್ನು ಭಟ್ಟಿಯವರು ಅನುಭವದಿಂದ ಅರಿತಿದ್ದರು.

ಮುದ್ದೇನಹಳ್ಳಿಗೂ ಹೆಬ್ಬಾಳಕ್ಕೂ ಇರುವ ನಂಟು

ನಂದಿ ಬೆಟ್ಟದ ತಪ್ಪಲಿನ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು, ಅವರ ಸಮಾಧಿಯೂ ಅಲ್ಲೇ ಇದೆ. ಅಣೆಕಟ್ಟೆ, ಕಾರ್ಖಾನೆಗಳ ಜೊತೆ ಅವರ ಹೆಸರು ತಾನಾಗಿ ನೆನಪಾಗುತ್ತದೆ. ಬಿಸ್ಕತ್ತಿನ ಕತೆಗೂ ಅವರ ಕಾಲಕ್ಕೂ ಒಂದು ಕೊಂಡಿ ಇದೆ. ಅವರು ಮೈಸೂರಿನ ದಿವಾನರಾಗಿದ್ದದ್ದು 1912ರಿಂದ 1918ರವರೆಗೆ. ಆ ಅವಧಿಯಲ್ಲಿ, 1913ರಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಆ ನೆಲೆಯಿಂದ ಬೆಳೆದದ್ದು 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ. ಅದರ ಹೆಬ್ಬಾಳ ಆವರಣದಲ್ಲಿರುವ ಬೇಕರಿ ತರಬೇತಿ ಘಟಕದಲ್ಲಿ ಬ್ರೆಡ್ಡು, ಕೇಕು, ಬಿಸ್ಕತ್ತು ಮಾಡುವುದನ್ನು ಕಲಿಸುತ್ತಾರೆ.

ಬೆಳೆದ ಬೆಳೆಯನ್ನು ಹಾಗೇ ಮಾರದೆ, ಅದರಿಂದ ಇನ್ನೊಂದು ವಸ್ತು ಮಾಡಿ ಮಾರಿದರೆ ಊರು ಉದ್ಧಾರವಾಗುತ್ತದೆ ಎಂಬುದು ವಿಶ್ವೇಶ್ವರಯ್ಯನವರ ಕೈಗಾರಿಕಾ ಚಿಂತನೆಯ ತಿರುಳು. ರಾಗಿ, ಕಡಲೆಕಾಯಿ, ಹಾಲು, ಸೊಪ್ಪು ಬೆಳೆದು ಬೆಂಗಳೂರಿಗೆ ಕಳಿಸುವ ಚಿಕ್ಕಬಳ್ಳಾಪುರ ಜಿಲ್ಲೆಗೆ ಆ ಮಾತು ಇಂದಿಗೂ ಹೊಂದುತ್ತದೆ.

ನಿಪ್ಪಟ್ಟು ಹೇಳಿಕೊಟ್ಟ ಪಾಠ

ಓವನ್ ಹೊಸದಿರಬಹುದು, ಬಿಸ್ಕತ್ತಿನ ಹದ ನಮ್ಮ ಮನೆಗಳಿಗೆ ಹೊಸದಲ್ಲ. ಕೋಡುಬಳೆ, ನಿಪ್ಪಟ್ಟು ಮಾಡುವಾಗ ಒಣ ಹಿಟ್ಟಿಗೆ ಕಾದ ಎಣ್ಣೆಯನ್ನೋ ಬೆಣ್ಣೆಯನ್ನೋ ಹಾಕಿ ಎರಡೂ ಕೈಯಲ್ಲಿ ಉಜ್ಜುತ್ತಾರೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಆ ಹದ ಬಂದ ಮೇಲೆಯೇ ನೀರು ಹಾಕುವುದು. ‘ಜಿಡ್ಡು ಸಾಲದಿದ್ದರೆ ಹಲ್ಲಿಗೆ ಗಟ್ಟಿ, ಹೆಚ್ಚಾದರೆ ಎಣ್ಣೆಯಲ್ಲಿ ಪುಡಿಪುಡಿ’ ಎಂದು ಹಿರಿಯರು ಹೇಳುವುದುಂಟು.

ಬಿಸ್ಕತ್ತಿನ ನಿಯಮವೂ ಇದೇ. ಗೋಧಿ ಹಿಟ್ಟಿಗೆ ನೀರು ತಾಗಿ, ನಾದಿದಾಗ ಅದರ ಪ್ರೋಟೀನು ಗ್ಲುಟೆನ್ ಎಂಬ ಜಿಗುಟು ಬಲೆಯಾಗುತ್ತದೆ. ಚಪಾತಿಗೆ, ಬ್ರೆಡ್ಡಿಗೆ ಆ ಜಿಗುಟು ಬೇಕು. ಬಿಸ್ಕತ್ತಿಗೆ ಹೆಚ್ಚು ಬೇಡ. ಬೆಣ್ಣೆ ಹಿಟ್ಟಿನ ಕಣಗಳಿಗೆ ಮೊದಲೇ ಸವರಿಕೊಂಡರೆ ನೀರು ಒಳಹೋಗುವುದನ್ನು ತಡೆಯುತ್ತದೆ, ಬಲೆ ಬಿಗಿಯುವುದಿಲ್ಲ, ಬಿಸ್ಕತ್ತು ಬಾಯಲ್ಲಿ ಕರಗುತ್ತದೆ. ಹಿಟ್ಟು ಕಲಸಿದ ಮೇಲೆ ನಾದಬಾರದು ಎನ್ನುವುದು ಇದಕ್ಕಾಗಿಯೇ. ಒಟ್ಟುಗೂಡಿಸಿ ಮುದ್ದೆ ಮಾಡಿದರೆ ಸಾಕು. ಮನೆಯಲ್ಲಿ ಗಟ್ಟಿಯಾಗುವ ಹೆಚ್ಚಿನ ಬಿಸ್ಕತ್ತುಗಳಿಗೆ ಅತಿಯಾದ ನಾದುವಿಕೆಯೇ ಕಾರಣ.

ಇಲ್ಲಿ ಬೆಣ್ಣೆಗೂ ತುಪ್ಪಕ್ಕೂ ಇರುವ ಅಂತರ ತಿಳಿದಿರಬೇಕು. ಅಂಗಡಿಯ ಬೆಣ್ಣೆಯಲ್ಲಿ ಜಿಡ್ಡು ಶೇ 80ರಷ್ಟು, ಉಳಿದದ್ದರಲ್ಲಿ ಹೆಚ್ಚಿನ ಪಾಲು ನೀರು. ತುಪ್ಪ ಬಹುತೇಕ ಪೂರ್ತಿ ಜಿಡ್ಡು. ಹಾಗಾಗಿ 100 ಗ್ರಾಂ ಬೆಣ್ಣೆಯ ಬದಲಿಗೆ ಸುಮಾರು 80 ಗ್ರಾಂ ತುಪ್ಪ ಹಾಕಿ, ಒಂದು ಚಮಚ ಹಾಲು ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ.

ಸಕ್ಕರೆಯ ಕೆಲಸ

ಸಿಹಿ ಬಿಸ್ಕತ್ತಿಗೆ ಒಂದು ನಂಬಿಗಸ್ತ ಅಳತೆ: 250 ಗ್ರಾಂ ಮೈದಾ, 150 ಗ್ರಾಂ ಬೆಣ್ಣೆ, 110 ಗ್ರಾಂ ಪುಡಿ ಸಕ್ಕರೆ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ನಾಲ್ಕೈದು ಏಲಕ್ಕಿಯ ಪುಡಿ. ಬೆಣ್ಣೆ, ಸಕ್ಕರೆಯನ್ನು ಮೊದಲು ಚೆನ್ನಾಗಿ ತಿರುವಬೇಕು. ಬಣ್ಣ ತಿಳಿಯಾಗಿ ಹಗುರಾಗುತ್ತಾ ಬಂದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಕಾವು ತಾಗಿದಾಗ ಆ ಗಾಳಿ ಹಿಗ್ಗಿ ಬಿಸ್ಕತ್ತಿಗೆ ಮೃದುತನ ಕೊಡುತ್ತದೆ.

ಸಕ್ಕರೆ ಸಿಹಿ ಕೊಡುವುದಷ್ಟೇ ಅಲ್ಲದೆ ನೀರನ್ನು ತನ್ನತ್ತ ಎಳೆದುಕೊಂಡು ಹಿಟ್ಟು ಜಿಗುಟಾಗದಂತೆಯೂ ನೋಡಿಕೊಳ್ಳುತ್ತದೆ. ಕಾವಿಗೆ ಕರಗಿ ಹರಿಯುತ್ತದೆ, ತಣ್ಣಗಾದಾಗ ಮತ್ತೆ ಗಟ್ಟಿಯಾಗಿ ಗರಿಗರಿ ತರುತ್ತದೆ. ಅದು ಅಳತೆ ಮೀರಿದರೆ ಬಿಸ್ಕತ್ತು ತಟ್ಟೆಯಲ್ಲಿ ಹರಡುತ್ತದೆ. ಬೆಣ್ಣೆ ತೀರಾ ಮೆತ್ತಗಿದ್ದರೂ ಇದೇ ಪಾಡು. ಏಪ್ರಿಲ್ ಬಿಸಿಲಲ್ಲಿ ಕಲಸಿದ ಹಿಟ್ಟನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತಟ್ಟಿದರೆ ಆಕಾರ ನಿಲ್ಲುತ್ತದೆ. ನಂದಿ ತಪ್ಪಲಿನ ಡಿಸೆಂಬರ್ ಚಳಿಯಲ್ಲಿ ಇದಕ್ಕೆ ತದ್ವಿರುದ್ಧ: ಬೆಣ್ಣೆಯನ್ನು ಮುಂಚೆಯೇ ಹೊರಗಿಟ್ಟು ಮೆತ್ತಗಾಗಿಸಿಕೊಳ್ಳಬೇಕು.

ಸಕ್ಕರೆಯ ಬದಲು ಬೆಲ್ಲ ಹಾಕುವವರಿಗೆ ಒಂದು ಮಾತು. ಬೆಲ್ಲದಲ್ಲಿ ತೇವ ಹೆಚ್ಚು, ಗಾಳಿಯ ತೇವವನ್ನೂ ಅದು ಬೇಗ ಹೀರುತ್ತದೆ. ಆದ್ದರಿಂದ ಬೆಲ್ಲದ ಬಿಸ್ಕತ್ತು ಡಬ್ಬಿಯಲ್ಲಿ ಬೇಗ ಮೆತ್ತಗಾಗುತ್ತದೆ, ಓವನ್ನಿನಲ್ಲಿ ಬೇಗ ಕೆಂಪೂ ಆಗುತ್ತದೆ. ಒಣಗಿದ ಬೆಲ್ಲದ ಪುಡಿ ಬಳಸಿ, ಕಾವು ತುಸು ತಗ್ಗಿಸಿ, ಸ್ವಲ್ಪ ಹೆಚ್ಚು ಹೊತ್ತು ಬೇಯಿಸುವುದು ಲೇಸು.

ಖಾರ ತಡವಾಗಿ ಏಕೆ ತಾಗುತ್ತದೆ

ಖಾರದ ಬಿಸ್ಕತ್ತಿಗೆ 250 ಗ್ರಾಂ ಮೈದಾಕ್ಕೆ 125 ಗ್ರಾಂ ಬೆಣ್ಣೆ, ಒಂದೂವರೆ ದೊಡ್ಡ ಚಮಚ ಸಕ್ಕರೆ, ಒಂದು ಟೀ ಚಮಚ ಉಪ್ಪು, ಕಾಲು ಟೀ ಚಮಚ ಅಡುಗೆ ಸೋಡಾ, ಎರಡು ಮೂರು ಚಮಚ ಗಟ್ಟಿ ಮೊಸರು. ಇದರ ಜೊತೆ ನಾಲ್ಕೈದು ಹಸಿಮೆಣಸಿನಕಾಯಿ, ಒಂದಿಂಚು ಶುಂಠಿ, ಎರಡು ಎಸಳು ಕರಿಬೇವು, ಒಂದು ಹಿಡಿ ಕೊತ್ತಂಬರಿ, ಒಂದು ಚಮಚ ಜೀರಿಗೆ. ಮೊಸರಿನ ಹುಳಿ ಸೋಡಾಕ್ಕೆ ತಾಗಿ ಹುಟ್ಟುವ ಅನಿಲ ಹಿಟ್ಟನ್ನು ಹಗುರಗೊಳಿಸುತ್ತದೆ. ಸೋಡಾ ಹೆಚ್ಚಾದರೆ ಸೋಪಿನ ಒಗರು ಉಳಿಯುತ್ತದೆ.

ಖಾರದ ಬಿಸ್ಕತ್ತಿಗೇಕೆ ಸಕ್ಕರೆ ಎಂದು ಕೆಲವರು ಅದನ್ನು ಬಿಟ್ಟುಬಿಡುತ್ತಾರೆ. ಬಿಟ್ಟರೆ ಬಿಸ್ಕತ್ತು ಬಿಳಿಚಿಕೊಳ್ಳುತ್ತದೆ, ಖಾರ ಮೊನಚಾಗುತ್ತದೆ. ಆ ಸ್ವಲ್ಪ ಸಿಹಿಯೇ ಬೇಕರಿ ಬಿಸ್ಕತ್ತಿನ ಗುಟ್ಟು. ನಮ್ಮ ಸಾರಿಗೆ, ಗೊಜ್ಜಿಗೆ ಚೂರು ಬೆಲ್ಲ ಹಾಕುವ ಕೈಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಸುಲಭವಾಗಿ ಕರಗದು, ಜಿಡ್ಡಿನಲ್ಲಿ ಕರಗುತ್ತದೆ. ಬಿಸ್ಕತ್ತಿನಲ್ಲಿ ಅದು ಬೆಣ್ಣೆಯೊಳಗೆ ಸೇರಿಕೊಂಡಿರುತ್ತದೆ. ಹಾಗಾಗಿ ಕಚ್ಚಿದಾಗ ಮೊದಲು ಬೆಣ್ಣೆ, ಆಮೇಲೆ ಉಪ್ಪು, ಕೊನೆಗೆ ಗಂಟಲ ಬಳಿ ಖಾರ. ಒಲೆಯ ಕಾವಿಗೆ ಈ ಖಾರ ಹೆಚ್ಚೇನೂ ಕುಗ್ಗುವುದಿಲ್ಲ. ಹಸಿ ಹಿಟ್ಟಿನ ರುಚಿ ನೋಡಿ ಸಪ್ಪೆ ಎಂದು ಇನ್ನೆರಡು ಮೆಣಸಿನಕಾಯಿ ಸೇರಿಸುವ ಮುನ್ನ ಇದು ನೆನಪಿರಲಿ.

ಸೊಪ್ಪು, ಹಸಿಮೆಣಸಿನಕಾಯಿಯಲ್ಲಿರುವ ನೀರು ಬಿಸ್ಕತ್ತಿನ ಶತ್ರು. ತೊಳೆದ ಸೊಪ್ಪನ್ನು ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ, ಸಣ್ಣಗೆ ಹೆಚ್ಚಿಕೊಳ್ಳಬೇಕು. ಮಿಕ್ಸಿಯಲ್ಲಿ ರುಬ್ಬಿದರೆ ನೀರೆಲ್ಲ ಹೊರಬಂದು ಹಿಟ್ಟು ಅಂಟಾಗುತ್ತದೆ. ಕೆಂಪು ಬಣ್ಣ ಬೇಕೆನ್ನುವವರು ಬ್ಯಾಡಗಿ ಮೆಣಸಿನಕಾಯಿಯ ಪುಡಿ ಹಾಕಬಹುದು. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ, ನೀರಿನ ಚಿಂತೆಯೂ ಇಲ್ಲ. ಹುರಿದು ಸಿಪ್ಪೆ ತೆಗೆದ ಕಡಲೆಬೀಜವನ್ನು ಒಡೆದು ಸೇರಿಸಿದರೆ ನಿಪ್ಪಟ್ಟಿನ ರುಚಿಯೇ ಓವನ್ನಿನಿಂದ ಹೊರಬರುತ್ತದೆ.

ರಾಗಿ ಬೆರೆಸಿದಾಗ

ರಾಗಿ ನಾಡಿನಲ್ಲಿ ಬಿಸ್ಕತ್ತಿಗೆ ಮೈದಾ ಒಂದೇ ಏಕೆ ಎಂಬ ಪ್ರಶ್ನೆ ಸಹಜ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೈದಾದಲ್ಲಿ ಇಪ್ಪತ್ತರ ಆಸುಪಾಸು. ನಾರಿನಂಶವೂ ರಾಗಿಯಲ್ಲಿ ಹೆಚ್ಚು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಪೇಟೆಯ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತಿನ ಪೊಟ್ಟಣಗಳು ಹೆಚ್ಚಿದವು. ಅವುಗಳ ಹಿಂಬದಿ ಓದಿದರೆ ಎಷ್ಟೋ ಸಲ ಮೈದಾ, ಸಕ್ಕರೆಯದೇ ಮೇಲುಗೈ, ರಾಗಿ ಕೆಳಗೆಲ್ಲೋ ಇರುತ್ತದೆ. ಮನೆಯಲ್ಲಿ ಮಾಡಿದರೆ ಪಾಲು ನಮ್ಮ ಕೈಯಲ್ಲಿರುತ್ತದೆ.

ರಾಗಿಯಲ್ಲಿ ಗ್ಲುಟೆನ್ ಇಲ್ಲ. ಎಷ್ಟು ಕಲಸಿದರೂ ಅದು ಬಿಗಿಯಾಗದು, ಆದರೆ ಹಿಡಿದು ನಿಲ್ಲಿಸುವ ಬಲವೂ ಅದಕ್ಕಿಲ್ಲ. ಪೂರ್ತಿ ರಾಗಿ ಹಾಕಿದರೆ ಬಿಸ್ಕತ್ತು ಕೈಯಲ್ಲೇ ಉದುರುತ್ತದೆ. ಅರ್ಧ ರಾಗಿ, ಅರ್ಧ ಗೋಧಿ ಹಿಟ್ಟು ಎಂಬ ಲೆಕ್ಕದಿಂದ ಶುರು ಮಾಡುವುದು ಒಳ್ಳೆಯದು. ಹಸಿ ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ ಬರುವತನಕ ಹುರಿದು ಆರಿಸಿಕೊಂಡರೆ ಹಸಿ ವಾಸನೆ ಹೋಗುತ್ತದೆ. ಇನ್ನೂ ಒಳ್ಳೆಯದು ನಮ್ಮ ಹುರಿಹಿಟ್ಟು. ಅರಳಿಸಿದ ರಾಗಿಯ ಆ ಹಿಟ್ಟಿಗೆ ತುಪ್ಪ, ಬೆಲ್ಲ ಕಲಸಿ ಮಕ್ಕಳಿಗೆ ಕೊಡುವುದು ಈ ಸೀಮೆಯ ಹಳೆಯ ಪದ್ಧತಿ. ಅದೇ ಮೂರನ್ನು ತುಸು ಗೋಧಿ ಹಿಟ್ಟಿನ ಜೊತೆ ತಟ್ಟಿ ಬೇಯಿಸಿದರೆ ಹೊರಗಿನ ಯಾವ ಸುಗಂಧವೂ ಬೇಡದ ಬಿಸ್ಕತ್ತು ಸಿದ್ಧ.

ರಾಗಿ ಬಿಸ್ಕತ್ತು ಬೇಯುವಾಗ ಕಣ್ಣನ್ನು ನಂಬುವಂತಿಲ್ಲ. ಹಿಟ್ಟೇ ಕಂದು ಬಣ್ಣದ್ದಾದ್ದರಿಂದ ಕೆಂಪಾಯಿತೇ ಎಂಬುದು ತಿಳಿಯದು. ಅಂಚು ಮುಟ್ಟಿದರೆ ಗಟ್ಟಿಯಾಗಿದೆಯೇ, ಅಡಿ ತಟ್ಟೆಯಿಂದ ಬಿಡುತ್ತಿದೆಯೇ, ಹುರಿದ ಘಮ ಬಂದಿತೇ, ಇವನ್ನೇ ನೋಡಬೇಕು.

ಕಾವಿನ ಲೆಕ್ಕ

ಓವನ್ನಿನೊಳಗೆ ಮೊದಲು ಬೆಣ್ಣೆ ಕರಗುತ್ತದೆ, ಆಮೇಲೆ ನೀರು ಆವಿಯಾಗುತ್ತದೆ. ಮೇಲ್ಮೈ ಒಣಗಿ 140 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಹಿಟ್ಟಿನ, ಹಾಲಿನ ಪ್ರೋಟೀನುಗಳೂ ಸಕ್ಕರೆಯೂ ಸೇರಿ ಹೊಂಬಣ್ಣ ಮತ್ತು ನೂರಾರು ಬಗೆಯ ಪರಿಮಳಗಳನ್ನು ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಮಿಲ್ ಮಯ್ಯಾರ್ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದರು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾದದ್ದೂ ಅದೇ ವರ್ಷ.

ಸಿಹಿ ಬಿಸ್ಕತ್ತಿಗೆ 160ರಿಂದ 170 ಡಿಗ್ರಿ, 15ರಿಂದ 18 ನಿಮಿಷ. ಖಾರದ್ದರಲ್ಲಿ ಸಕ್ಕರೆ ಕಡಿಮೆ, ನೀರು ಹೆಚ್ಚು. ಅದಕ್ಕೆ 170ರಿಂದ 180 ಡಿಗ್ರಿ, 20 ನಿಮಿಷದ ಮೇಲೆ ಬೇಕಾಗುತ್ತದೆ. ಓವನ್ನನ್ನು ಹತ್ತು ಹದಿನೈದು ನಿಮಿಷ ಮೊದಲೇ ಕಾಯಿಸಿರಬೇಕು. ತಣ್ಣನೆಯ ಓವನ್ನಿನಲ್ಲಿಟ್ಟರೆ ಹಿಟ್ಟು ಗಟ್ಟಿಯಾಗುವ ಮೊದಲೇ ಬೆಣ್ಣೆ ಕರಗಿ ಹರಿದುಹೋಗುತ್ತದೆ.

ಓವನ್ ಇಲ್ಲದವರೂ ಹಿಂಜರಿಯಬೇಕಿಲ್ಲ. ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಕಲ್ಲುಪ್ಪು ಅಥವಾ ಶುದ್ಧ ಮರಳನ್ನು ಹರಡಿ, ಮೇಲೊಂದು ಸಿಂಬಿ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಬಿಸ್ಕತ್ತಿನ ತಟ್ಟೆಯನ್ನು ಸಿಂಬಿಯ ಮೇಲಿಟ್ಟು ಸಣ್ಣ ಉರಿಯಲ್ಲಿ 25 ನಿಮಿಷ ಬಿಟ್ಟರೆ ಚೆನ್ನಾಗಿಯೇ ಬೇಯುತ್ತದೆ. ಮೇಲ್ಭಾಗ ಅಷ್ಟು ಕೆಂಪಾಗದು, ಅಷ್ಟೇ. ಕುಕ್ಕರನ್ನು ಇದಕ್ಕೆ ಬಳಸದಿರುವುದು ಒಳ್ಳೆಯದು, ನೀರಿಲ್ಲದೆ ಕಾಯಿಸಿದರೆ ಅದು ಕೆಡುತ್ತದೆ.

ಹೊರತೆಗೆದಾಗ ಬಿಸ್ಕತ್ತು ಮೆತ್ತಗೇ ಇರುತ್ತದೆ. ಬೆಂದಿಲ್ಲವೆಂದು ಮತ್ತೆ ಒಳಗಿಟ್ಟರೆ ಸೀಯುತ್ತದೆ. ಆರುತ್ತಾ ಆರುತ್ತಾ ಬೆಣ್ಣೆ, ಸಕ್ಕರೆ ಗಟ್ಟಿಯಾಗಿ ಗರಿಗರಿ ಬರುತ್ತದೆ. ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಬೇಕು. ಸಿಹಿ, ಖಾರ ಒಂದೇ ಡಬ್ಬಿಯಲ್ಲಿ ಬೇಡ, ಒಂದರ ವಾಸನೆ ಇನ್ನೊಂದಕ್ಕೆ ಹತ್ತುತ್ತದೆ.

ಆರೋಗ್ಯದ ಮಾತು

ಮನೆಯ ಬಿಸ್ಕತ್ತಿನ ನಿಜವಾದ ಲಾಭ ಜಿಡ್ಡಿನ ಆಯ್ಕೆಯಲ್ಲಿದೆ. ದಶಕಗಳ ಕಾಲ ಅಗ್ಗದ ಬಿಸ್ಕತ್ತುಗಳು ನಿಂತದ್ದು ಡಾಲ್ಡಾದಂಥ ವನಸ್ಪತಿಯ ಮೇಲೆ. ಎಣ್ಣೆಯನ್ನು ಗಟ್ಟಿ ಮಾಡುವಾಗ ಅದರಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಡುಕು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ, ಕೊಬ್ಬುಗಳಲ್ಲಿ ಅದರ ಮಿತಿಯನ್ನು 2021ರಲ್ಲಿ ಶೇ 3ಕ್ಕೆ, 2022ರ ಜನವರಿಯಿಂದ ಶೇ 2ಕ್ಕೆ ಇಳಿಸಿತು. ಮನೆಯಲ್ಲಿ ಬೆಣ್ಣೆ, ತುಪ್ಪ ಬಳಸುವವರಿಗೆ ಕಾರ್ಖಾನೆಯ ಆ ಟ್ರಾನ್ಸ್ ಕೊಬ್ಬಿನ ಚಿಂತೆಯೇ ಇಲ್ಲ.

ಹಾಗೆಂದು ಮನೆಯ ಬಿಸ್ಕತ್ತು ಔಷಧವಾಗಿಬಿಡುವುದಿಲ್ಲ. 125 ಗ್ರಾಂ ಬೆಣ್ಣೆಯ ಹಿಟ್ಟಿನಲ್ಲಿ 30 ಬಿಸ್ಕತ್ತು ಮಾಡಿದರೆ ಒಂದೊಂದರಲ್ಲೂ ನಾಲ್ಕು ಗ್ರಾಂ ಬೆಣ್ಣೆ. ಕಾಫಿಯ ಜೊತೆ ನಾಲ್ಕು ತಿಂದರೆ ಒಂದು ದೊಡ್ಡ ಚಮಚಕ್ಕಿಂತ ಹೆಚ್ಚು ಬೆಣ್ಣೆ ಹೊಟ್ಟೆ ಸೇರುತ್ತದೆ. ರಾಗಿ ಹಾಕಿದರೂ ಈ ಲೆಕ್ಕ ಬದಲಾಗದು. ಸಕ್ಕರೆ ಕಾಯಿಲೆ ಇರುವವರಿಗೆ ‘ಇದು ರಾಗಿಯದು, ಎಷ್ಟಾದರೂ ತಿನ್ನಿ’ ಎಂದು ತಟ್ಟೆ ತುಂಬಿಸುವುದು ಪ್ರೀತಿಯಲ್ಲ. ಎರಡು ಕೊಟ್ಟು ಡಬ್ಬಿ ಮುಚ್ಚುವುದೇ ಕಾಳಜಿ.

ಅಡುಗೆಮನೆಯಿಂದ ಅಂಗಡಿಗೆ

ಕೈ ಪಳಗಿದವರು ಅಕ್ಕಪಕ್ಕದವರಿಗೆ, ಸ್ವಸಹಾಯ ಸಂಘದ ಮೂಲಕ ಮಾರಲು ಹೊರಡುವುದೂ ಉಂಟು. ಮನೆಯಲ್ಲಿ ಮಾಡಿ ಮಾರುವವರಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಕಡ್ಡಾಯ. ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ, ತೂಕ, ತಯಾರಿಸಿದ ದಿನ ಇರಬೇಕು. ಹೆಬ್ಬಾಳದ ತರಬೇತಿ ಘಟಕದ ಜೊತೆಗೆ, ಚಿಂತಾಮಣಿ ತಾಲ್ಲೂಕಿನ ಕುರುಬೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಶಿಡ್ಲಘಟ್ಟ ಕಡೆಯ ಮಹಿಳೆಯರಿಗೆ ಅದು ದೂರವೇನಲ್ಲ.

ಮಾರುವುದಿರಲಿ, ಮನೆಮಂದಿಗಷ್ಟೇ ಇರಲಿ, ಒಂದು ತಕ್ಕಡಿ ಕೊಳ್ಳುವುದು ಓವನ್ ಕೊಳ್ಳುವುದಕ್ಕಿಂತ ಮುಖ್ಯ. ಒತ್ತಿ ತುಂಬಿದ ಲೋಟದ ಹಿಟ್ಟಿಗೂ ಸಡಿಲವಾಗಿ ಸುರಿದ ಲೋಟದ ಹಿಟ್ಟಿಗೂ ತೂಕದಲ್ಲಿ ಬಹಳ ಅಂತರವಿರುತ್ತದೆ. ತೂಗಿ ಮಾಡಿದ್ದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮುಂದಿನ ಸಲ ಒಂದೇ ಒಂದು ಅಂಶ ಬದಲಿಸಿ: ಬೆಣ್ಣೆ ಹತ್ತು ಗ್ರಾಂ ಕಡಿಮೆ, ಇಲ್ಲವೇ ಕಾವು ಹತ್ತು ಡಿಗ್ರಿ ಹೆಚ್ಚು. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಬೇಕರಿಗಳ ಹಳೆಯ ಕೈಗಳು ವರ್ಷಗಟ್ಟಲೆ ಭಟ್ಟಿಯ ಮುಂದೆ ನಿಂತು ಗಳಿಸಿದ ಹದವನ್ನು ಮನೆಯವರು ಹೀಗೆ ಬರೆದಿಟ್ಟ ಲೆಕ್ಕದಿಂದ ಗಳಿಸಬಹುದು. ಆ ಹಾಳೆ ಮುಂದೆ ಮಕ್ಕಳ ಕೈ ಸೇರಿದರೆ ನಿಪ್ಪಟ್ಟು, ಕೋಡುಬಳೆಯ ಸಾಲಿನಲ್ಲಿ ಬಿಸ್ಕತ್ತೂ ನಮ್ಮ ಮನೆಯ ತಿಂಡಿಯಾಗಿ ನಿಲ್ಲುತ್ತದೆ.